ನೆಟ್ ಕೈಕೊಟ್ಟರೂ ನಿಲ್ಲದ ಓಪನ್ ಸೋರ್ಸ್ ಸೆಟಪ್

ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶಕ್ಕೆ) ಕೋಡ್ ಬರೆಯಲು ಕಂಪ್ಯೂಟರ್ ಸಜ್ಜು ಮಾಡುವ ಗೈಡ್‌ಗಳು ಬೇಕಾದಷ್ಟಿವೆ. ಎಲ್ಲವೂ ನೆಟ್ ಸದಾ ಇರುತ್ತದೆ ಅಂತಲೇ ಹೊರಡುತ್ತವೆ. ಹೊಸನಗರದಿಂದ ಒಳಗಿರುವ ನಮ್ಮೂರಲ್ಲಿ ಹಾಗಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು ಅಂತಲೇ ಲೆಕ್ಕ. ಕರೆಂಟೂ ಇಲ್ಲ, ಟವರೂ ಇಲ್ಲ. ಅದಕ್ಕೇ ನಾನು ನೆಟ್ಟಿನಿಂದ ಇಳಿಸುವ ಕೆಲಸವನ್ನೆಲ್ಲ ಮೊದಲೇ ಮುಗಿಸಿಕೊಳ್ಳುತ್ತೇನೆ. ಆಮೇಲೆ ನೆಟ್ ಇಲ್ಲದೆಯೂ ಕೋಡ್ ಓಡಬೇಕು.

"ಚಿಕ್ಕಮ್ಮಾ, ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಾ?" ಅಂತ ಶಿವಮೊಗ್ಗದಲ್ಲಿ ಓದುವ ಅಕ್ಕನ ಮಗ ಕೇಳಿದ. ಬೇಡ ಮಾರಾಯ. 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ, ಸ್ವಲ್ಪ ಹೊತ್ತು ತಡೆಯುವ ಬ್ಯಾಟರಿ ಇದ್ದರೆ ಸಾಕು. ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಳ್ಳಿ. ವಿಂಡೋಸ್ ಬಿಡಲು ಮನಸ್ಸಿಲ್ಲದಿದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ.

ಪ್ರಾಜೆಕ್ಟ್ ಆರಿಸುವಾಗ ಮಾತ್ರ ಹುಷಾರು. ಲಿಬ್ರೆಆಫೀಸ್‌ನಂಥದ್ದನ್ನು ಮೊದಲೇ ಮುಟ್ಟಬೇಡಿ, ಕೋಡ್ ಓಡುವ ತಂತ್ರಾಂಶವಾಗಿ ಬಿಲ್ಡ್ ಆಗುವಷ್ಟರಲ್ಲಿ ಇನ್ವರ್ಟರ್ ಕೂಗಿಕೊಳ್ಳುತ್ತದೆ. ಫೈರ್‌ಫಾಕ್ಸ್ ಆಸೆ ಇದ್ದರೆ 'ಆರ್ಟಿಫ್ಯಾಕ್ಟ್ ಬಿಲ್ಡ್' ಆರಿಸಿ. ಸಿ++ ಭಾಗವೆಲ್ಲ ಮೊದಲೇ ಕಂಪೈಲ್ ಆಗಿಯೇ ಇಳಿಯುತ್ತದೆ. ನನ್ನ ಕೇಳಿದರೆ ವಿಕಿಮೀಡಿಯದ ಜೆಕ್ವೆರಿ ಡಾಟ್ ಐಎಂಇ ಇಂದ ಶುರು ಮಾಡಿ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ಬಿಡುವುದು ಇದೇ. ಇದರ 'ರೂಲ್ಸ್' ಫೋಲ್ಡರಿನೊಳಗೆ 'ಕೆಎನ್' ಅಂತ ಒಂದು ಫೋಲ್ಡರಿದೆ. ಅಲ್ಲಿ ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ವಿನ್ಯಾಸದ ಕೆಜಿಪಿ, ಎಲ್ಲಕ್ಕೂ ಬೇರೆ ಬೇರೆ ಫೈಲ್. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನುವ ಪಟ್ಟಿ, ಅಷ್ಟೇ. ನುಡಿ ತಂತ್ರಾಂಶದಲ್ಲಿ ಎಫ್ ಒತ್ತಿ ಒತ್ತಕ್ಷರ ಕೊಟ್ಟು ರೂಢಿಯಿದ್ದವರಿಗೆ ಓದಿದ ಕೂಡಲೇ ಅರ್ಥವಾಗುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲೇ ಹೊಡೆಯಿರಿ. ಮೊದಲು 'ಸುಡೋ ಆಪ್ಟ್ ಇನ್‌ಸ್ಟಾಲ್ ಗಿಟ್ ಬಿಲ್ಡ್-ಎಸೆನ್ಶಿಯಲ್'. ಗಿಟ್ ಅಂದರೆ ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ತಂತ್ರಾಂಶ. ಆಮೇಲೆ 'ಗಿಟ್ ಕಾನ್ಫಿಗ್'ನಲ್ಲಿ ನಿಮ್ಮ ಹೆಸರು, ಈಮೇಲ್. ಈ ಈಮೇಲ್ ನೀವು ದಾಖಲಿಸುವ ಪ್ರತಿ ಬದಲಾವಣೆಯಲ್ಲೂ, ಅಂದರೆ ಪ್ರತಿ ಕಮಿಟ್‌ನಲ್ಲೂ ಎಲ್ಲರಿಗೂ ಕಾಣುತ್ತದೆ, ನೋಡಿ ಕೊಡಿ. 2021ರ ಆಗಸ್ಟ್ 13ರಿಂದ ಪ್ರಾಜೆಕ್ಟುಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಪಾಸ್‌ವರ್ಡ್ ಕೊಟ್ಟು ಪುಶ್ ಮಾಡಲು (ಕೋಡ್ ಕಳಿಸಲು) ಆಗುವುದಿಲ್ಲ. ಹಾಗಾಗಿ 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಹೊಡೆದು ಅದರ ಬದಲಿಗೆ ಒಂದು ಕೀ ಮಾಡಿ, ಅದರ ಪಬ್ಲಿಕ್ ಭಾಗವನ್ನು ಗಿಟ್‌ಹಬ್‌ಗೆ ಹಾಕಿ. ಹಾಸ್ಟೆಲ್ ವೈಫೈಯಲ್ಲಿ ಈ ಕೀ ಬಳಸುವ ಸಂಪರ್ಕದ 22ನೇ ಪೋರ್ಟ್ ಮುಚ್ಚಿದ್ದರೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಹೋಸ್ಟ್‌ನೇಮನ್ನು ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್ ಅಂತಲೂ ಪೋರ್ಟನ್ನು 443 ಅಂತಲೂ ಬರೆಯಿರಿ.

ಈಗ ನಮ್ಮ ಕಡೆಯವರ ನಿಜವಾದ ತಲೆನೋವು, ಕ್ಲೋನ್, ಅಂದರೆ ಪ್ರಾಜೆಕ್ಟಿನ ಪ್ರತಿಯನ್ನು ಇಳಿಸಿಕೊಳ್ಳುವುದು. 'ರಿಸೀವಿಂಗ್ ಆಬ್ಜೆಕ್ಟ್ಸ್' ಸಾಲಿನಲ್ಲಿ ಶೇಕಡಾ ಏರುತ್ತಾ ಹೋಗುತ್ತದೆ. ಅರ್ಧ ದಾಟಿ ಎಲ್ಲೋ ಒಂದು ಕಡೆ ಸುಮ್ನೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ 'ಅರ್ಲಿ ಇಒಎಫ್' ಅಂತ ಎರರ್ ಬಂದು ಇಳಿದದ್ದೆಲ್ಲ ಮಾಯ. ಗಿಟ್ ಕ್ಲೋನ್‌ಗೆ ನಿಂತಲ್ಲಿಂದ ಮುಂದುವರಿಸಲು ಬರುವುದಿಲ್ಲ, ಮತ್ತೆ ಸೊನ್ನೆಯಿಂದಲೇ. ಅದಕ್ಕೆ ಪ್ರಾಜೆಕ್ಟನ್ನು ನಿಮ್ಮ ಖಾತೆಗೆ ಫೋರ್ಕ್ (ನಿಮ್ಮದೇ ಒಂದು ನಕಲು) ಮಾಡಿ, ಆ ಫೋರ್ಕನ್ನು 'ಗಿಟ್ ಕ್ಲೋನ್ --ಡೆಪ್ತ್=1' ಅಂತ ತನ್ನಿ. ಕೊನೆಯ ಕಮಿಟ್ ಮಾತ್ರ ಇಳಿಯುತ್ತದೆ, ಕೆಲಸಕ್ಕೆ ಅಷ್ಟೇ ಸಾಕು. ಹಳೆಯ ಇತಿಹಾಸ ಬೇಕಾದರೆ 'ಗಿಟ್ ಫೆಚ್ --ಡೀಪನ್=500' ಹೊಡೆಯುತ್ತಾ ಕಂತಿನಲ್ಲಿ ತರಿಸಿ. ಪೂರ್ತಿ ಬಂದ ಕಂತು ಉಳಿಯುತ್ತದೆ, ನೆಟ್ ಹೋದರೆ ಹೋಗುವುದು ಆ ಒಂದು ಕಂತು ಮಾತ್ರ. ಹಳೆಯ ಫೈಲುಗಳನ್ನು ಬೇಕಾದಾಗ ಮಾತ್ರ ತರುವ 'ಬ್ಲಾಬ್:ನನ್' ಫಿಲ್ಟರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಪೇಟೆಯವರಿಗೆ ಅದು ಚೆನ್ನ. ನಮಗೆ ಬೇಡ, ಹಳೆಯ ಫೈಲ್ ತೆರೆದಾಗಲೆಲ್ಲ ಅದು ನೆಟ್ ಕೇಳುತ್ತದೆ. ಕ್ಲೋನ್ ಆದಮೇಲೆ ಮೂಲ ಪ್ರಾಜೆಕ್ಟನ್ನು 'ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್' ಅಂತ ಅದರ ವಿಳಾಸ ಕೊಟ್ಟು ಸೇರಿಸಿಕೊಳ್ಳಿ, ಅಲ್ಲಿನ ಹೊಸ ಬದಲಾವಣೆ ತರಲು ಬೇಕಾಗುತ್ತದೆ.

ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ಅನ್ನು ಆಪ್ಟ್‌ನಿಂದ ತರಬೇಡಿ, ಹಳೆಯದು ಸಿಗುವುದೇ ಜಾಸ್ತಿ. ಎನ್‌ವಿಎಂ ಹಾಕಿ, ಅದರಿಂದ ತನ್ನಿ. ಆಮೇಲೆ ಪ್ರಾಜೆಕ್ಟಿನ ಫೋಲ್ಡರಿನೊಳಗೆ, ಅದಕ್ಕೆ ಬೇಕಾದ ಪ್ಯಾಕೇಜುಗಳನ್ನು ಇಳಿಸುವ 'ಎನ್‌ಪಿಎಂ ಇನ್‌ಸ್ಟಾಲ್'. ಇದು ನಡುವೆ ನಿಂತರೆ ಅಷ್ಟು ಹೆದರಬೇಕಿಲ್ಲ. ಇಳಿದ ಪ್ಯಾಕೇಜುಗಳು ಕಂಪ್ಯೂಟರಿನ ಕ್ಯಾಶ್‌ನಲ್ಲಿ ಇರುತ್ತವೆ, '--ಪ್ರಿಫರ್-ಆಫ್‌ಲೈನ್' ಸೇರಿಸಿ ಮತ್ತೆ ಓಡಿಸಿ. ಬ್ರೌಸರ್ ತೆರೆದು ಪರೀಕ್ಷೆ ನಡೆಸುವ ಪ್ರಾಜೆಕ್ಟ್ ಆದರೆ ಇದರ ಜೊತೆ ಇಡೀ ಒಂದು ಬ್ರೌಸರ್ ಕೂಡ ಇಳಿಯುವುದುಂಟು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ದಿನದ ಡೇಟಾ ಅಲ್ಲಿಗೇ ಮುಗಿಯಿತು ಅನ್ನಿ. ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ ಯಾರದಾದರೂ ಮನೆಯ ವೈಫೈಯಲ್ಲಿ ಕೂತು ಇದನ್ನು ಮುಗಿಸಿಕೊಂಡು ಬನ್ನಿ. ಅಲ್ಲೇ ಜೀಲ್ ಅನ್ನುವ ತಂತ್ರಾಂಶ ಹಾಕಿ, ಜಾವಾಸ್ಕ್ರಿಪ್ಟ್ ಡಾಕ್ಯುಮೆಂಟೇಶನ್ನೂ ಇಳಿಸಿಡಿ. ನೆಟ್ ಇಲ್ಲದಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಅಲ್ಲಿಂದ ಹೊರಡುವ ಮೊದಲು ವೈಫೈ ಆಫ್ ಮಾಡಿ 'ಎನ್‌ಪಿಎಂ ಟೆಸ್ಟ್' ಹೊಡೆಯಿರಿ. ಓಡಿದರೆ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಬಹುದು. ಏನಾದರೂ ಇಲ್ಲ ಅಂತ ಕೂಗಿದರೆ ಅಲ್ಲೇ ಸರಿಮಾಡಿಕೊಳ್ಳಿ. ಊರಿಗೆ ಬಂದಮೇಲೆ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಕೆಲಸ ಯಾರಿಗೆ ಬೇಕು, ಅಲ್ವಾ?

ಮನೆಗೆ ಬಂದು ಹೊಸ ಬ್ರ್ಯಾಂಚ್ (ಮೂಲ ಕೋಡಿನಿಂದ ಬೇರೆಯಾದ ಕವಲು) ಮಾಡಿ ಕೆಲಸ ಶುರು ಮಾಡಿ. ಗಿಟ್‌ಗೆ ಕಮಿಟ್ ಮಾಡಲು ನೆಟ್ ಬೇಕಿಲ್ಲ, ಒಂದು ಬದಲಾವಣೆಗೆ ಒಂದು ಕಮಿಟ್ ಅಂತ ಸಣ್ಣ ಸಣ್ಣದಾಗಿ ಮಾಡುತ್ತಾ ಹೋಗಿ. ಕಮಿಟ್ ಸಂದೇಶ ಹೇಗಿರಬೇಕು, ಯಾವ ಪರೀಕ್ಷೆ ಓಡಿಸಬೇಕು ಅನ್ನುವುದು ಸಾಮಾನ್ಯವಾಗಿ ರೀಡ್‌ಮಿಯಲ್ಲೋ 'ಕಾಂಟ್ರಿಬ್ಯೂಟಿಂಗ್' ಫೈಲಿನಲ್ಲೋ ಇರುತ್ತದೆ. ಸಿಗ್ನಲ್ ಬಂದಾಗ ಪುಶ್ ಮಾಡಿ. ಹೋಗುವುದು ಬದಲಾದಷ್ಟೇ, ಎರಡು ಕಡ್ಡಿ ಇದ್ದರೂ ಸಾಕು. 'ನನ್ನ ಬದಲಾವಣೆ ಸೇರಿಸಿಕೊಳ್ಳಿ' ಅನ್ನುವ ಪುಲ್ ರಿಕ್ವೆಸ್ಟನ್ನು ಮೊಬೈಲಿನ ಬ್ರೌಸರಿನಲ್ಲೇ ತೆರೆಯಬಹುದು, ರಿವ್ಯೂ ಮಾಡಿದವರಿಗೆ ಉತ್ತರವನ್ನೂ ಅಲ್ಲಿಂದಲೇ ಬರೆಯಬಹುದು.