ತಕರಾರು ಮೊದಲು, ಪೇಪರ್ ಆಮೇಲೆ: ನಾಲ್ಕು ಸಲ ವಾಪಸ್ ಬಂದ ಪೇಪರ್ ಅಚ್ಚಾದದ್ದು ಹೇಗೆ

ಹೋದ ತಿಂಗಳು ನಮ್ಮ ಸಂಶೋಧನಾ ಪೇಪರ್ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಆನ್‌ಲೈನ್ ಪಟ್ಟಿ) ಕಾಣಿಸಿಕೊಂಡಿತು. ಮೊದಲ ಹೆಸರು ನನ್ನದು. ಆ ದಿನ ವಿಭಾಗದಲ್ಲಿ ಒಬ್ಬೊಬ್ಬರೇ ಬಂದು "ಹೇಗೆ ಮಾಡಿದಿರಿ?" ಅಂತ ಕೇಳಿದರು. ಒಂದೂವರೆ ವರ್ಷದ ಹಿಂದೆ ಇವರೇ ಮೂಗು ಮುರಿದಿದ್ದರು. "ಗ್ರಾಂಟ್ ಇಲ್ಲ, ಸ್ಟ್ಯಾಟಿಸ್ಟಿಶಿಯನ್ ಇಲ್ಲ, ಬರೀ ಹಳೇ ಕೇಸ್ ಶೀಟ್ ಇಟ್ಟುಕೊಂಡು ಕೂತರೆ ಯಾವ ಜರ್ನಲ್ ತಗೊಳ್ಳುತ್ತೆ?" ಅಂದಿದ್ದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಪೀರ್ ರಿವ್ಯೂ (ಅದೇ ವಿಷಯದ ಬೇರೆ ತಜ್ಞರು, ಅಂದರೆ ರಿವ್ಯೂವರ್‌ಗಳು, ಪೇಪರ್ ಓದಿ ತೂಗುವುದು) ಹೇಗೆ ನಡೆಯುತ್ತದೆ, ಮೆಥಡ್ಸ್‌ನಲ್ಲಿ (ಅಧ್ಯಯನ ಹೇಗೆ ಮಾಡಿದೆವು ಅಂತ ಹೇಳುವ ಭಾಗ) ಏನಿರಬೇಕು ಅನ್ನುವುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅಂಕಿಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು.

ನಮ್ಮ ಹತ್ತಿರ ಇದ್ದದ್ದು ಶಸ್ತ್ರಚಿಕಿತ್ಸೆ ಆದ ಮೇಲೆ ಗಾಯಕ್ಕೆ ಸೋಂಕು ತಗುಲಿದವರ ಮತ್ತು ತಗುಲದವರ ಮೂರು ವರ್ಷದ ದಾಖಲೆ. 300 ಚಿಲ್ಲರೆ ರೋಗಿಗಳು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿತ್ತು. ಅದೊಂದನ್ನು ಮಾತ್ರ ಆರಂಭದಿಂದಲೇ ಸರಿಯಾಗಿ ಮಾಡಿದ್ದೆವು.

ಮೊದಲು ಸೋತದ್ದನ್ನು ಹೇಳುತ್ತೇನೆ.

ಮೊದಲನೇ ಸಲ ತುಂಬಾ ದೊಡ್ಡ ಜನರಲ್ ಮೆಡಿಸಿನ್ ಜರ್ನಲ್‌ಗೆ ಕಳಿಸಿದೆವು. ನಾಲ್ಕನೇ ದಿನ ವಾಪಸ್. ಅಂಥ ಜರ್ನಲ್‌ಗಳು ನೂರಕ್ಕೆ 90ಕ್ಕಿಂತ ಜಾಸ್ತಿ ಪೇಪರ್‌ಗಳನ್ನು ತಿರಸ್ಕರಿಸುತ್ತವೆ ಅಂತ ಗೊತ್ತಿತ್ತು, ಆದರೂ ಆಸೆ. ಇದರಲ್ಲಿ ಹೋದದ್ದು ನಾಲ್ಕು ದಿನ ಮಾತ್ರ, ಅದಕ್ಕೇ ಬೇಸರವಿಲ್ಲ.

ಎರಡನೆಯದು ಬೇಸರದ್ದು. ನಮ್ಮ ವಿಷಯದ್ದೇ ಜರ್ನಲ್. ಫೈಲ್‌ಗಳನ್ನೆಲ್ಲ ಏರಿಸಿ, ಫಾರ್ಮ್ ತುಂಬಿ, ಆಯ್ತು ಅಂತ ಎದ್ದು ಹೋದೆ. ಐದು ವಾರವಾದರೂ ಸುದ್ದಿಯಿಲ್ಲ. ಲಾಗಿನ್ ಆಗಿ ನೋಡಿದರೆ ಪೇಪರ್ ಅವರ ಕೈಗೆ ಹೋಗಿಯೇ ಇಲ್ಲ. ಈ ಸಿಸ್ಟಮ್‌ಗಳು ನಮ್ಮ ಫೈಲ್‌ಗಳನ್ನೆಲ್ಲ ಸೇರಿಸಿ ಒಂದು ಪಿಡಿಎಫ್ ಕಟ್ಟುತ್ತವೆ. ಅದನ್ನು ತೆರೆದು ನೋಡಿ "ಅಪ್ರೂವ್" ಒತ್ತಬೇಕು. ಒತ್ತುವ ತನಕ ಅದು ನಮ್ಮ ಖಾತೆಯಲ್ಲೇ ಕೂತಿರುತ್ತದೆ. ಐದು ವಾರ ಸುಮ್ನೆ ಹೋಯಿತು. ಒತ್ತಿದ ಮೂರನೇ ದಿನ ಸ್ಟ್ರೋಬ್ ಚೆಕ್‌ಲಿಸ್ಟ್ (ಇಂಥ ಅಧ್ಯಯನದ ಪೇಪರ್‌ನಲ್ಲಿ ಏನೇನು ಇರಬೇಕು, ಯಾವುದು ಯಾವ ಪುಟದಲ್ಲಿದೆ ಅನ್ನುವ ಪಟ್ಟಿ) ಇಲ್ಲ ಅಂತ ವಾಪಸ್ ಬಂತು. ಗಡಿಬಿಡಿಯಲ್ಲಿ ಪೇಜ್ ನಂಬರ್ ತುಂಬಿ ಕಳಿಸಿದೆವು. ನಾಲ್ಕು ತಿಂಗಳ ಮೇಲೆ ರಿಜೆಕ್ಟ್. ಇಬ್ಬರು ರಿವ್ಯೂವರ್‌ಗಳ ಮಾತು ಹೆಚ್ಚು ಕಡಿಮೆ ಒಂದೇ: ಇಷ್ಟೇ ರೋಗಿಗಳು ಯಾಕೆ? ದಾಖಲೆ ಅಪೂರ್ಣವಾಗಿದ್ದವರನ್ನು ಏನು ಮಾಡಿದಿರಿ? ಅಬ್ಸ್ಟ್ರಾಕ್ಟ್‌ನಲ್ಲಿ (ಪೇಪರಿನ ಸಾರಾಂಶ) 312, ಟೇಬಲ್‌ನಲ್ಲಿ 309, ಮೂವರು ಎಲ್ಲಿ ಹೋದರು?

ಮೂರನೇ ಪ್ರಶ್ನೆ ಓದಿದಾಗ ನಿಜಕ್ಕೂ ತಲೆ ತಗ್ಗಿಸಿದೆ. ಆ ಮೂವರು ಎಲ್ಲೂ ಹೋಗಿರಲಿಲ್ಲ ಅನ್ನುವುದು ಬಹಳ ಆಮೇಲೆ ಗೊತ್ತಾಯಿತು. ಟೇಬಲ್ ಮಾಡುವಾಗ ಹೊಸ ಫೈಲ್, ಅಬ್ಸ್ಟ್ರಾಕ್ಟ್ ಬರೆಯುವಾಗ ಹಳೇ ಫೈಲ್ ನೋಡಿದ್ದೆವು, ಅಷ್ಟೇ. ಆದರೆ ಓದುವವರಿಗೆ ಇಡೀ ಲೆಕ್ಕದ ಮೇಲೇ ಅನುಮಾನ ಬರುತ್ತದೆ, ಅಲ್ವಾ?

ಆಮೇಲೆ ದುಡ್ಡು ಕಳೆದುಕೊಂಡ ಕತೆ. ತೊಂದರೆ ಇಂಗ್ಲಿಷಿನದು ಅಂತ ಒಬ್ಬರು ಹೇಳಿದರು. ನಂಬಿ ಎಡಿಟಿಂಗ್ ಸರ್ವಿಸ್ ಒಂದಕ್ಕೆ ಸುಮಾರು 350 ಡಾಲರ್ ಕೊಟ್ಟೆವು. ಕಾಮಾಗಳು ಸರಿಯಾದವು, 312 ಹಾಗೇ ಉಳಿಯಿತು. ಮೂರನೇ ಜರ್ನಲ್ ಒಂಬತ್ತು ದಿನದಲ್ಲಿ ವಾಪಸ್ ಕಳಿಸಿತು. ಭಾಷೆ ತಿದ್ದುವವರು ತಿದ್ದುವುದು ಭಾಷೆಯನ್ನೇ, ಲೆಕ್ಕವನ್ನಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ಸಹೋದ್ಯೋಗಿಯೊಬ್ಬರು ಆಮೇಲೆ ಅದೇ ಕೆಲಸವನ್ನು ಎರಡು ಸಂಜೆಯಲ್ಲಿ ಮಾಡಿಕೊಟ್ಟರು.

ಅದೇ ಹೊತ್ತಿಗೆ "ನಿಮ್ಮ ಅಮೂಲ್ಯ ಸಂಶೋಧನೆ ಕಳಿಸಿ, 72 ಗಂಟೆಯಲ್ಲಿ ರಿವ್ಯೂ" ಅನ್ನುವ ಇಮೇಲ್ ಒಂದು ಬಂತು. ನಮ್ಮಲ್ಲೊಬ್ಬರು ಕಳಿಸಿಯೇಬಿಡೋಣ ಅಂದರು. ನಾನು ಡಿಒಎಜೆ ಪಟ್ಟಿಯಲ್ಲಿ (ಎಲ್ಲರಿಗೂ ಪುಕ್ಕಟೆ ಓದಲು ಸಿಗುವ, ಪರಿಶೀಲಿಸಿ ಸೇರಿಸಿದ ಜರ್ನಲ್‌ಗಳ ಪಟ್ಟಿ) ಹುಡುಕಿದೆ, ಇರಲಿಲ್ಲ. ಪಬ್‌ಮೆಡ್‌ನಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಎಷ್ಟು ದುಡ್ಡು ಅನ್ನುವುದನ್ನು ವೆಬ್‌ಸೈಟ್‌ನಲ್ಲಿ ಎಲ್ಲೂ ಹಾಕಿರಲಿಲ್ಲ. ದುಡ್ಡಿಗಾಗಿ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಅಂತ ಬೀಲ್ ಅನ್ನುವ ಗ್ರಂಥಪಾಲಕರು ಮಾಡಿದ್ದ ಪಟ್ಟಿ ನೋಡಿ ಅಂತ ಕೆಲವರು ಈಗಲೂ ಹೇಳುತ್ತಾರೆ. ಆದರೆ ಬೀಲ್ 2017ರಲ್ಲೇ ಅದನ್ನು ತೆಗೆದುಹಾಕಿದರು. ಹಳೇ ಪ್ರತಿಯನ್ನು ನಂಬಿ ಕೂರಬೇಡಿ. ಆ ಜರ್ನಲ್‌ನಲ್ಲಿ ಅಚ್ಚಾದ ನಾಲ್ಕು ಪೇಪರ್ ತೆರೆದು ಓದಿ, ಗೊತ್ತಾಗುತ್ತದೆ.

ನಾಲ್ಕನೇ ಜರ್ನಲ್ ಎರಡು ತಿಂಗಳು ಇಟ್ಟುಕೊಂಡು, ನಮ್ಮಲ್ಲಿ ಜಾಗವಿಲ್ಲ, ನಮ್ಮದೇ ಇನ್ನೊಂದು ಜರ್ನಲ್‌ಗೆ ವರ್ಗಾಯಿಸುತ್ತೇವೆ ಅಂದಿತು. ಆ ಇನ್ನೊಂದು ಜರ್ನಲ್‌ನಲ್ಲಿ ಅಚ್ಚು ಹಾಕಲು ಲೇಖಕರು ಕೊಡಬೇಕಾದ ಫೀ ಎರಡು ಸಾವಿರ ಡಾಲರ್‌ಗಿಂತ ಮೇಲೆ. ಬೇಡ ಅಂದೆವು. ರಿಯಾಯಿತಿಯ ಬಗ್ಗೆ ಒಂದು ಮಾತು: ಬಹಳ ಜರ್ನಲ್‌ಗಳಲ್ಲಿ ಅದನ್ನು ಸಬ್ಮಿಟ್ ಮಾಡುವಾಗಲೇ ಕೇಳಬೇಕು. ಅಕ್ಸೆಪ್ಟ್ ಆದ ಮೇಲೆ ಕೇಳಿದರೆ ಕೊಡುವುದಿಲ್ಲ.

ಇಲ್ಲಿಗೆ ಸುಮಾರು ಹತ್ತು ತಿಂಗಳು. ಆಗ ನಾನು ಪೇಪರನ್ನು ಪಕ್ಕಕ್ಕಿಟ್ಟೆ. ಖಾಲಿ ಹಾಳೆ ತೆಗೆದುಕೊಂಡು, ರಿವ್ಯೂವರ್ ನಾನೇ ಆದರೆ ಈ ಪೇಪರನ್ನು ಹೇಗೆ ಬೀಳಿಸುತ್ತೇನೆ ಅಂತ ಬರೆಯಲು ಶುರು ಮಾಡಿದೆ. ಮೊದಲ ಸಂಜೆ 18 ತಕರಾರು ಬಂದವು. ಜೊತೆಯ ಲೇಖಕರಿಗೂ ಅದೇ ಕೆಲಸ ಕೊಟ್ಟೆ. ಒಬ್ಬರ ಪಟ್ಟಿ ಇನ್ನೊಬ್ಬರು ನೋಡುವ ಹಾಗಿಲ್ಲ ಅಂತ ಮಾತು. ಎಲ್ಲ ಸೇರಿಸಿ, ಮತ್ತೆ ಮತ್ತೆ ಬಂದದ್ದನ್ನು ತೆಗೆದರೆ 41. ಒಬ್ಬ ಹಿರಿಯರು "ಇದು ಕಾಲಹರಣ. ಟೈಟಲ್ ಬದಲಿಸಿ ಇನ್ನೊಂದು ಕಡೆ ಕಳಿಸಿ" ಅಂದರು. ನಾನು ಕೇಳಲಿಲ್ಲ.

41ನ್ನು ಮೂರು ಗುಂಪು ಮಾಡಿದೆವು. ಲೆಕ್ಕ ಮತ್ತೆ ಮಾಡಿದರೆ ಸರಿಹೋಗುವವು, ಬರವಣಿಗೆ ತಿದ್ದಿದರೆ ಸರಿಹೋಗುವವು, ಏನು ಮಾಡಿದರೂ ಸರಿಹೋಗದವು. ಮೂರನೇ ಗುಂಪಿನಲ್ಲಿ ಏಳೋ ಎಂಟೋ ಇದ್ದವು. ಅವನ್ನು ಮುಚ್ಚಿಡದೆ ಲಿಮಿಟೇಶನ್ಸ್‌ನಲ್ಲಿ (ಅಧ್ಯಯನದ ಕೊರತೆಗಳನ್ನು ಹೇಳುವ ಭಾಗ) ನಾವೇ ಹೇಳಿದೆವು. ಅದರಿಂದ ಫಲಿತಾಂಶ ಯಾವ ಕಡೆಗೆ ವಾಲಿರಬಹುದು ಅನ್ನುವುದನ್ನೂ ಬರೆದೆವು. "ಇದು ರೆಟ್ರೋಸ್ಪೆಕ್ಟಿವ್ (ಹಳೇ ದಾಖಲೆ ನೋಡಿ ಮಾಡಿದ) ಅಧ್ಯಯನ" ಅಂತ ಒಂದು ಸಾಲು ಹಾಕಿ ಬಿಡುವವರೇ ಜಾಸ್ತಿ. ಅದು ಸಾಲದು.

ಆಮೇಲೆ ಟೇಬಲ್‌ಗಳು. ಒಂದು ವಾಕ್ಯವನ್ನೂ ಬರೆಯುವ ಮೊದಲು ಮೂರು ಟೇಬಲ್, ಒಂದು ಫ್ಲೋ ಚಾರ್ಟ್ ಮುಗಿಸಿದೆವು. ಫ್ಲೋ ಚಾರ್ಟ್ ಮಾಡಿದ ದಿನವೇ ಆ ಮೂವರು ಸಿಕ್ಕಿದರು. ಸ್ಟ್ರೋಬ್‌ನ 22 ಅಂಶಗಳನ್ನು ಈ ಸಲ ಕೊನೆಗೆ ತುಂಬಲಿಲ್ಲ. ಮೊದಲೇ ಅಚ್ಚು ಹಾಕಿ ಗೋಡೆಗೆ ಅಂಟಿಸಿದೆವು. 10ನೆಯದು ರೋಗಿಗಳ ಸಂಖ್ಯೆ ಹೇಗೆ ಬಂತು ಅನ್ನುವುದು. 12ನೆಯದು ಲೆಕ್ಕದ ವಿಧಾನ, ಸಿಗದ ಡೇಟಾದ ಮಾತೂ ಅದರಲ್ಲೇ. 13ನೆಯದು ಯಾರು ಯಾವ ಹಂತದಲ್ಲಿ ಬಿಟ್ಟುಹೋದರು ಅನ್ನುವುದು. ಎರಡನೇ ಜರ್ನಲ್‌ನ ರಿವ್ಯೂವರ್‌ಗಳು ಕೇಳಿದ ಪ್ರಶ್ನೆಗಳು ಈ ಮೂರರಲ್ಲೇ ಇದ್ದವು! ಟೇಬಲ್ ಆದ ಮೇಲೆ ಮೆಥಡ್ಸ್, ರಿಸಲ್ಟ್ಸ್, ಆಮೇಲೆ ಡಿಸ್ಕಶನ್. ಇಂಟ್ರೊಡಕ್ಷನ್, ಅಬ್ಸ್ಟ್ರಾಕ್ಟ್, ಟೈಟಲ್ ಕೊನೆಗೆ. ಒಟ್ಟು ಏಳು ವಾರ, ಅದರಲ್ಲಿ ಬರವಣಿಗೆ ಹನ್ನೊಂದು ದಿನವಷ್ಟೇ.

ಸಂಖ್ಯೆಗಳ ಬಗ್ಗೆ ಎರಡು ಮಾತು. ಎಸ್‌ಪಿಎಸ್‌ಎಸ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಪಿ ವ್ಯಾಲ್ಯೂವನ್ನು (ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ) .000 ಅಂತ ತೋರಿಸಿದರೆ ಹಾಗೇ ನಕಲು ಮಾಡಬೇಡಿ. ಅದು ಸೊನ್ನೆಯಲ್ಲ, 0.001ಕ್ಕಿಂತ ಕಡಿಮೆ ಅಂತ ಅರ್ಥ. ಹಾಗೇ ಬರೆಯಿರಿ. ಪಿ ವ್ಯಾಲ್ಯೂ ಒಂದೇ ಕೊಟ್ಟು ಬಿಡುವುದಕ್ಕಿಂತ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಬೆಲೆ ಯಾವ ಎರಡು ಸಂಖ್ಯೆಗಳ ನಡುವೆ ಇರಬಹುದು ಅನ್ನುವ ಅಂದಾಜು) ಕೊಡುವುದು ಒಳ್ಳೆಯದು. ಚಿತ್ರಗಳಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಕೇಳುತ್ತಾರೆ. ಪವರ್‌ಪಾಯಿಂಟ್‌ನಿಂದ ಸುಮ್ನೆ ಸೇವ್ ಮಾಡಿದರೆ 96ರಲ್ಲಿ ಬರುತ್ತದೆ, ಮಸುಕು. ಲೆಕ್ಕದ ಸಾಫ್ಟ್‌ವೇರ್‌ನಿಂದಲೇ ನೇರವಾಗಿ ಟಿಫ್ ಅನ್ನುವ ಚಿತ್ರದ ಫೈಲ್ ತೆಗೆದೆವು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಟೈಟಲ್ ತೆಗೆದು ಬರೀ ಅಬ್ಸ್ಟ್ರಾಕ್ಟನ್ನು ಬೇರೆ ವಿಭಾಗದ ಐವರಿಗೆ ಕೊಟ್ಟೆ. ನಾವು ಏನು ಕಂಡುಕೊಂಡೆವು, ಒಂದೇ ವಾಕ್ಯದಲ್ಲಿ ಹೇಳಿ ಅಂದೆ. ಇಬ್ಬರು ಉಲ್ಟಾ ಹೇಳಿದರು. ಎರಡು ನೆಗೆಟಿವ್ ಇದ್ದ ಒಂದು ವಾಕ್ಯ ಅದಕ್ಕೆ ಕಾರಣ. ಕಂಪ್ಯೂಟರ್‌ನಿಂದ ಇಡೀ ಪೇಪರನ್ನು ಗಟ್ಟಿಯಾಗಿ ಓದಿಸಿಯೂ ಕೇಳಿದೆ. ಕಣ್ಣು ದಾಟಿ ಹೋದ ತಪ್ಪು ಕಿವಿಗೆ ಸಿಗುತ್ತದೆ, ಹದಿನೈದಾದರೂ ಸಿಕ್ಕಿರಬೇಕು. ಎಐ ಚಾಟ್‌ಬಾಟ್ ಒಂದನ್ನು ಐದು ರೆಫರೆನ್ಸ್ (ನಾವು ಉಲ್ಲೇಖಿಸಬಹುದಾದ ಬೇರೆಯವರ ಪೇಪರ್) ಕೇಳಿದೆ. ಹುಡುಕಿದರೆ ಎರಡು ಈ ಲೋಕದಲ್ಲೇ ಇಲ್ಲ. ಆ ದಾರಿ ಬಿಟ್ಟೆ. ಎಐ ಬಳಸಿದರೆ ಅದನ್ನು ಪೇಪರ್‌ನಲ್ಲಿ ಹೇಳಬೇಕು, ಅದನ್ನು ಲೇಖಕ ಅಂತ ಹಾಕುವಂತಿಲ್ಲ ಅಂತ ಐಸಿಎಂಜೆಇ (ವೈದ್ಯಕೀಯ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ) 2023ರಲ್ಲಿ ತನ್ನ ನಿಯಮಗಳಿಗೆ ಸೇರಿಸಿದೆ. ರೆಫರೆನ್ಸ್ ಜೋಡಿಸಲು ಝೊಟೆರೊ ಅನ್ನುವ ಸಾಫ್ಟ್‌ವೇರ್ ಸಾಕು, ಪುಕ್ಕಟೆ. ಸಬ್ಮಿಟ್ ಮಾಡುವ ಪ್ರತಿಯಲ್ಲಿ ಮಾತ್ರ ಅದರ ಕೊಂಡಿ ಕಳಚಿ ಬರೀ ಅಕ್ಷರ ಮಾಡಿಬಿಡಿ. ಕಳಚದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಲೇಖಕರ ಪಟ್ಟಿಯಲ್ಲಿ ಸ್ವಲ್ಪ ಗಲಾಟೆಯಾಯಿತು. ಏಳನೇ ಹೆಸರು ಸೇರಿಸಬೇಕು ಅಂತ ಒತ್ತಾಯ ಬಂತು. ಐಸಿಎಂಜೆಇಯ ನಾಲ್ಕು ಷರತ್ತುಗಳನ್ನು ಅಚ್ಚು ಹಾಕಿ ಮೇಜಿನ ಮೇಲಿಟ್ಟೆ. ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಪೇಪರ್‌ಗೆ ಹೊಣೆ. ನಾಲ್ಕೂ ಬೇಕು. ಆ ಏಳನೇ ಹೆಸರು ಅಕ್ನಾಲೆಜ್ಮೆಂಟ್‌ಗೆ (ಕೃತಜ್ಞತೆ ಹೇಳುವ ಭಾಗ) ಹೋಯಿತು, ಅದಕ್ಕೂ ಅವರ ಒಪ್ಪಿಗೆ ತೆಗೆದುಕೊಂಡೆವು. 1978ರಲ್ಲಿ ವ್ಯಾಂಕೂವರ್‌ನಲ್ಲಿ ಕೆಲವು ಎಡಿಟರ್‌ಗಳು ಸೇರಿ ಮ್ಯಾನುಸ್ಕ್ರಿಪ್ಟ್‌ಗಳಿಗೆ ಒಂದೇ ಮಾದರಿ ಇರಲಿ ಅಂತ ಕೂತು ಮಾತಾಡಿದ್ದರು. ಆ ಗುಂಪೇ ಬೆಳೆದು ಐಸಿಎಂಜೆಇ ಆಯಿತು. ನಾವು ರೆಫರೆನ್ಸ್‌ಗೆ ಒಂದು, ಎರಡು ಅಂತ ನಂಬರ್ ಹಾಕುವ ವ್ಯಾಂಕೂವರ್ ಶೈಲಿಯ ಹೆಸರು ಬಂದದ್ದೂ ಅಲ್ಲಿಂದಲೇ. ಇಂಥ ಗಲಾಟೆ ಆಗುವಾಗ ಆ ಎಡಿಟರ್‌ಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಐದನೇ ಜರ್ನಲ್ ಹುಡುಕಿದ್ದು ನಮ್ಮ ರೆಫರೆನ್ಸ್ ಪಟ್ಟಿಯಿಂದ. 30 ರೆಫರೆನ್ಸ್‌ಗಳಲ್ಲಿ ಆರು ಒಂದೇ ಜರ್ನಲ್‌ನವು. ಅಬ್ಸ್ಟ್ರಾಕ್ಟನ್ನು ಜೇನ್ ಅನ್ನುವ, ಹೊಂದುವ ಜರ್ನಲ್ ಸೂಚಿಸುವ ವೆಬ್‌ಸೈಟ್‌ನಲ್ಲಿ ಹಾಕಿದಾಗಲೂ ಅದೇ ಮೇಲೆ ಬಂತು. ಚಂದಾದಿಂದ ನಡೆಯುವ ಜರ್ನಲ್, ಲೇಖಕರಿಗೆ ಫೀ ಇಲ್ಲ. ಬಣ್ಣದ ಚಿತ್ರ ಅಚ್ಚು ಹಾಕಲು ದುಡ್ಡು ಕೇಳುತ್ತಿದ್ದರು, ನಾವು ಕಪ್ಪು ಬಿಳುಪಿನಲ್ಲೇ ಮಾಡಿದೆವು.

ಅವರದು ಡಬಲ್ ಬ್ಲೈಂಡ್ ರಿವ್ಯೂ, ಅಂದರೆ ಲೇಖಕರು ಯಾರು ಅಂತ ರಿವ್ಯೂವರ್‌ಗಳಿಗೂ, ರಿವ್ಯೂವರ್‌ಗಳು ಯಾರು ಅಂತ ಲೇಖಕರಿಗೂ ಗೊತ್ತಿರುವುದಿಲ್ಲ. ಲೇಖಕರ ಹೆಸರಿರುವ ಟೈಟಲ್ ಪೇಜ್ ಬೇರೆ ಮಾಡಿದರೆ ಸಾಕು ಅಂದುಕೊಂಡಿದ್ದೆ. ಕಳಿಸುವ ಹಿಂದಿನ ರಾತ್ರಿ ವರ್ಡ್ ಫೈಲ್‌ನ ಪ್ರಾಪರ್ಟೀಸ್ ತೆರೆದರೆ ನನ್ನ ಪೂರ್ತಿ ಹೆಸರು ಅಲ್ಲಿ ಕೂತಿತ್ತು. ಮೆಥಡ್ಸ್‌ನ ಎಥಿಕ್ಸ್ ವಾಕ್ಯದಲ್ಲಿ ಆಸ್ಪತ್ರೆಯ ಹೆಸರೂ ಇತ್ತು. ಎರಡನ್ನೂ ತೆಗೆದೆ.

ಕವರ್ ಲೆಟರ್ ಅರ್ಧ ಪುಟ. ಏನು ಮಾಡಿದೆವು, ಅವರ ಓದುಗರಿಗೆ ಅದು ಯಾಕೆ ಬೇಕು, ಬೇರೆಲ್ಲೂ ಕಳಿಸಿಲ್ಲ. ಕೊನೆಗೆ ಒಂದು ವಾಕ್ಯ ಹಾಕಿದ್ದೆ. ಅದೇ ಎಡಿಟರ್ ಗಮನ ಸೆಳೆದದ್ದು ಅಂತ ನನ್ನ ನಂಬಿಕೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಪೇಪರ್ ಅದೇ ದಾರಿಯಲ್ಲಿದೆ. ರಿವ್ಯೂವರ್‌ಗಳ ಹೆಸರು ಸೂಚಿಸಿ ಅಂದಾಗ ಯಾರನ್ನು ಯಾವ ಕ್ರಮದಲ್ಲಿ ಕೊಟ್ಟೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಮ್ಮ ಜೊತೆ ಯಾವತ್ತೂ ಬರೆಯದವರು, ಪರಿಚಯವಿಲ್ಲದವರು ಅಂತ ಮಾತ್ರ ಹೇಳಬಲ್ಲೆ.

ಈ ಸಲ ಅಪ್ರೂವ್ ಒತ್ತುವಾಗ ಪಕ್ಕದಲ್ಲಿ ಸಾಕ್ಷಿಗೆ ಇಬ್ಬರನ್ನು ನಿಲ್ಲಿಸಿಕೊಂಡೆ.

ಹನ್ನೊಂದು ವಾರದ ಮೇಲೆ ಮೇಜರ್ ರಿವಿಷನ್ (ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ) ಅಂತ ಬಂತು. ಮೂವರು ರಿವ್ಯೂವರ್‌ಗಳು, 27 ಕಾಮೆಂಟ್. ನಮ್ಮ ತಕರಾರು ಪಟ್ಟಿ ತೆಗೆದು ಹೋಲಿಸಿದೆವು. 19 ಅದರಲ್ಲೇ ಇದ್ದವು! ಉತ್ತರಗಳು ಆಗಲೇ ಅರ್ಧ ಬರೆದಿಟ್ಟಾಗಿತ್ತು. 60 ದಿನ ಕೊಟ್ಟಿದ್ದರು, ಮೂರು ವಾರದಲ್ಲಿ ಕಳಿಸಿದೆವು. ಪ್ರತಿ ಕಾಮೆಂಟನ್ನೂ ಪೂರ್ತಿ ನಕಲು ಮಾಡಿ, ಕೆಳಗೆ ನಮ್ಮ ಉತ್ತರ, ಅದರ ಕೆಳಗೆ ಬದಲಿಸಿದ ವಾಕ್ಯ ಮತ್ತು ಸಾಲಿನ ನಂಬರ್. ರಿವ್ಯೂವರ್ ಪೇಪರ್ ತಿರುವಿ ಹುಡುಕುವ ಹಾಗೆ ಮಾಡಬಾರದು. ಒಬ್ಬರು ರೋಗಿಗಳನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಮತ್ತೆ ಲೆಕ್ಕ ಹಾಕಿ ಅಂದಿದ್ದರು. ಒಂದೊಂದು ಗುಂಪಿಗೆ ಇಪ್ಪತ್ತು ಜನವೂ ಬರುತ್ತಿರಲಿಲ್ಲ. ಆಗುವುದಿಲ್ಲ, ಯಾಕೆಂದರೆ ಹೀಗೆ, ಅಂತ ನಾಲ್ಕು ಸಾಲು ಬರೆದೆವು. ಎಡಿಟರ್ ಒಪ್ಪಿದರು. ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕು ಅಂತಿಲ್ಲ.

ಅಕ್ಸೆಪ್ಟ್ ಆದ ಮೇಲೂ ಕೈ ಬಿಡಬೇಡಿ. ಪ್ರೂಫ್ (ಅಚ್ಚಿಗೆ ಮುಂಚಿನ ಕೊನೇ ಪ್ರತಿ) ನೋಡಿ ತಿದ್ದಲು 48 ಗಂಟೆ ಕೊಟ್ಟರು. ಅದರಲ್ಲಿ ಒಬ್ಬ ಲೇಖಕರ ಹೆಸರು ಮತ್ತು ಇನಿಶಿಯಲ್ ಅದಲು ಬದಲಾಗಿತ್ತು. ಹಾಗೇ ಬಿಟ್ಟಿದ್ದರೆ ಪಬ್‌ಮೆಡ್‌ನಲ್ಲಿ ಅವರನ್ನು ಹುಡುಕಿದರೂ ಈ ಪೇಪರ್ ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ಕಾನ್ಫಿಡೆನ್ಸ್ ಇಂಟರ್ವಲ್‌ನ ನಡುವಿನ ಗೆರೆ ಎರಡನೇ ಸಂಖ್ಯೆಗೆ ಅಂಟಿಕೊಂಡು ಮೈನಸ್ ಥರ ಕಾಣುತ್ತಿತ್ತು. ನಾನು ಟೇಬಲ್ ಗಟ್ಟಿಯಾಗಿ ಓದಿದೆ, ಇನ್ನೊಬ್ಬರು ಮೂಲ ಲೆಕ್ಕದ ಹಾಳೆ ಹಿಡಿದು ಟಿಕ್ ಹಾಕಿದರು. ರಾತ್ರಿ ಒಂದು ಗಂಟೆಗೆ ಮುಗಿಯಿತು.

ಒಟ್ಟು ಖರ್ಚು ಆ 350 ಡಾಲರ್. ಅದೂ ಬೇಕಿರಲಿಲ್ಲ.

ಈಗ ಎರಡನೇ ಪೇಪರ್ ಶುರುವಾಗಿದೆ. ಟೇಬಲ್‌ಗಳು ಇನ್ನೂ ಮುಗಿದಿಲ್ಲ, ತಕರಾರು ಪಟ್ಟಿ ಮಾತ್ರ 23ಕ್ಕೆ ಬಂದಿದೆ. ಅದರಲ್ಲಿ ಏಳನ್ನು ಬರೆದುಕೊಟ್ಟವರು, ಕಾಲಹರಣ ಅಂದಿದ್ದ ಆ ಹಿರಿಯರು.