ರಸ್ತೆ ಬದಿ ಬಿಳಿ ಡಬ್ಬಿ ಸಿಕ್ಕಿದರೆ

ಕೊಡಗಿನಲ್ಲಿ ರಸ್ತೆ ಬದಿಯಲ್ಲೋ ಕಾಫಿ ತೋಟದಲ್ಲೋ ಉದ್ದ ದಾರ ಕಟ್ಟಿದ ಪುಟ್ಟ ಬಿಳಿ ಡಬ್ಬಿ, ಜೊತೆಗೆ ಒಡೆದ ರಬ್ಬರ್ ಬಲೂನು ಸಿಕ್ಕಿದರೆ ಗಾಬರಿ ಬೇಡ. ಅದು ಹೆಚ್ಚಾಗಿ ಹವಾಮಾನ ಇಲಾಖೆಯ ರೇಡಿಯೋಸಾಂಡ್, ಅಂದರೆ ಮೇಲಿನ ಗಾಳಿಯ ಸ್ಥಿತಿ ಅಳೆಯುವ ಉಪಕರಣ. ಮಂಗಳೂರು, ಬೆಂಗಳೂರಿನಿಂದ ಬಲೂನಿಗೆ ಕಟ್ಟಿ ಬಿಡುತ್ತಾರೆ. ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಲೂನು ಒಡೆಯುತ್ತದೆ. ಅಷ್ಟರೊಳಗೆ ಮೇಲಿನ ಗಾಳಿಯ ಉಷ್ಣಾಂಶ, ತೇವಾಂಶದ ಲೆಕ್ಕವೆಲ್ಲ ರೇಡಿಯೋ ಮೂಲಕ ಕೆಳಗೆ ತಲುಪಿರುತ್ತದೆ. ಡಬ್ಬಿಯಿಂದ ಹೊರಗೆ ಚಾಚಿಕೊಂಡ ತೆಳು ಪಟ್ಟಿ ಇದೆಯಾ ನೋಡಿ, ಸೆನ್ಸರ್ ಅದೇ. ಬ್ಯಾಟರಿ ಬಿಚ್ಚಬೇಡಿ. ದಾರ ಕರೆಂಟ್ ತಂತಿಗೆ ಸಿಕ್ಕಿದ್ದರೆ ಎಳೆಯಲೇಬೇಡಿ.

ಆದರೆ ದಾರ, ಬಲೂನು ಏನೂ ಇಲ್ಲದ ಸಣ್ಣ ಉಂಡೆಯಂಥದ್ದು ಕಂಡರೆ ಹತ್ತಿರವೂ ಹೋಗಬೇಡಿ. ಕಾಡುಹಂದಿಗೆ ಇಟ್ಟ ಸಿಡಿಮದ್ದು ಇರಬಹುದು. ಜೊತೆಗಿರುವ ನಾಯಿಯನ್ನೂ ಬಿಗಿಯಾಗಿ ಹಿಡಿದುಕೊಳ್ಳಿ. ದೂರ ನಿಂತು 112ಕ್ಕೆ ಫೋನ್ ಮಾಡಿ.