ಮಸ್ಕತ್‌ನಲ್ಲಿ ಎಲ್ಲಿ ಉಳಿಯೋದು? ನಾನು ಜಾಗ ಆರಿಸಿದ್ದು ಹೀಗೆ

ಒಮಾನ್‌ನ ರಾಜಧಾನಿ ಮಸ್ಕತ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಹೋಟೆಲ್ ಹೆಸರು. ನಾನು ಹೇಳುವುದು ಏರಿಯಾದ ಹೆಸರು. ಅಲ್ಲಿ ಒಳ್ಳೆಯ ರೂಮು ಎಲ್ಲ ಕಡೆ ಸಿಗುತ್ತದೆ. ಆದರೆ ಏರಿಯಾ ಸರಿಹೋಗದಿದ್ದರೆ ರಜೆಯ ಅರ್ಧ ಕಾರಿನಲ್ಲೇ ಕಳೆದುಹೋಗುತ್ತದೆ.

ಇದಕ್ಕೆ ಕಾರಣ ಊರಿನ ಆಕಾರ. ಒಂದು ಕಡೆ ಹಜರ್ ಬೆಟ್ಟಗಳು, ಇನ್ನೊಂದು ಕಡೆ ಕಡಲು. ನಡುವೆ ಸಿಕ್ಕಷ್ಟು ಜಾಗದಲ್ಲಿ ಊರು ಉದ್ದಕ್ಕೆ ಬೆಳೆದಿದೆ. ಭಟ್ಕಳ, ಹೊನ್ನಾವರ, ಕುಮಟಾ ಘಟ್ಟಕ್ಕೂ ಕಡಲಿಗೂ ನಡುವೆ ಹೈವೇ ಹಿಡಿದು ಸಾಲಾಗಿ ಇವೆಯಲ್ಲ, ಹಾಗೆ. ಪಶ್ಚಿಮಕ್ಕೆ ಸೀಬ್ ಮತ್ತು ಏರ್‌ಪೋರ್ಟ್. ಅಲ್ಲಿಂದ ಪೂರ್ವಕ್ಕೆ ಬಂದರೆ ಅಜೈಬಾ, ಘುಬ್ರಾ, ಖುವೈರ್, ಕುರುಮ್, ಆಮೇಲೆ ರುವಿ, ಮತ್ರಾ, ಕೊನೆಗೆ ಹಳೇ ಮಸ್ಕತ್. ಏರ್‌ಪೋರ್ಟಿನಿಂದ ಮತ್ರಾಕ್ಕೆ 30 ಕಿ.ಮೀ.ಗೂ ಜಾಸ್ತಿ. ಹಾಗಾಗಿ ಬುಕಿಂಗ್ ಆ್ಯಪ್‌ಗಳು ತೋರಿಸುವ 'ಊರಿನ ಮಧ್ಯದಿಂದ ಇಷ್ಟು ಕಿ.ಮೀ.' ಅನ್ನುವ ಲೆಕ್ಕವನ್ನು ನಾನು ನೋಡುವುದೇ ಇಲ್ಲ. ಈ ಊರಿಗೆ ಮಧ್ಯ ಅಂತ ಒಂದು ಜಾಗ ಇಲ್ಲ.

ಆಫೀಸ್ ಕೆಲಸಕ್ಕೆ ಹೋದಾಗೆಲ್ಲ ನಾನು ಖುವೈರ್‌ನಲ್ಲಿ ಉಳಿಯುತ್ತಿದ್ದೆ. ಸಚಿವಾಲಯಗಳು, ರಾಯಭಾರ ಕಚೇರಿಗಳು, ಕಂಪನಿಗಳು ಆ ಕಡೆಯೇ ಜಾಸ್ತಿ. ಅಪ್ಪ, ಅಮ್ಮನನ್ನು ಕರೆದುಕೊಂಡು ಹೋಗುವಾಗ ಲೆಕ್ಕ ಬೇರೆಯಾಯಿತು. ಒಂದು ಹಾಳೆಯಲ್ಲಿ ಪ್ರತಿ ದಿನಕ್ಕೂ ಎರಡೇ ವಿಷಯ ಬರೆದೆ: ಬೆಳಗ್ಗೆ ಎಂಟಕ್ಕೆ ಎಲ್ಲಿರಬೇಕು, ಸಂಜೆ ಏಳಕ್ಕೆ ಎಲ್ಲಿರಬೇಕು. ಗಲ್ಫ್‌ನಲ್ಲಿ ಮಧ್ಯಾಹ್ನ ಬಿಸಿಲಿಗೆ ರೂಮಿಗೆ ವಾಪಸ್ ಬರಲೇಬೇಕು, ಅದರಲ್ಲೂ ವಯಸ್ಸಾದವರಿದ್ದರೆ. ಅಂದರೆ ದಿನಕ್ಕೆ ಎರಡು ಸಲ ಹೊರಗೆ, ಎರಡು ಸಲ ಒಳಗೆ. ಈ ಓಡಾಟ ಚಿಕ್ಕದಾಗಿರಬೇಕು. ಹಾಳೆ ನೋಡಿದಾಗ ಸಂಜೆಗಳೆಲ್ಲ ಮತ್ರಾದ ಸುತ್ತಲೇ ಬಿದ್ದಿದ್ದವು.

ಮತ್ರಾ ಹಳೆಯ ಬಂದರು. 2014ರಲ್ಲಿ ಸರಕು ಹಡಗುಗಳ ಕೆಲಸ ಸೋಹಾರ್‌ಗೆ ಹೋದ ಮೇಲೆ ಇಲ್ಲಿಗೆ ಬರುವುದು ಹೆಚ್ಚಾಗಿ ಪ್ರವಾಸಿ ಹಡಗುಗಳು. ಕಡಲ ಬದಿಯ ರಸ್ತೆಗೆ ಎಲ್ಲರೂ ಕಾರ್ನಿಷ್ ಅನ್ನುತ್ತಾರೆ. ಅದರ ಪಕ್ಕದಲ್ಲೇ ಮೀನು ಮಾರುಕಟ್ಟೆ, ಸೂಕ್ ಅಂದರೆ ಹಳೇ ಪೇಟೆ, ಬೆಟ್ಟದ ಮೇಲೆ ಕೋಟೆ. ಇಲ್ಲಿ ಉಳಿಯುವುದರ ನಿಜವಾದ ಲಾಭ ಅಂದರೆ ನಡಿಗೆ. ಮಸ್ಕತ್‌ನ ಬಹುಪಾಲು ಕಡೆ ಕಾರಿಲ್ಲದೆ ಕಾಲಿಡಲು ಆಗುವುದಿಲ್ಲ. ಇಲ್ಲಿ ಮಾತ್ರ ಅಮ್ಮ ರಾತ್ರಿ ಊಟ ಆದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಕಡಲ ಬದಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಹಳೇ ಮಸ್ಕತ್‌ನ ಅಲ್ ಆಲಂ ಅರಮನೆ, ಅದರ ಎದುರಿಗೆ 2016ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಅಲ್ಲೇ ಹತ್ತಿರ ಹಳೆಯ ಶಿವ ದೇವಸ್ಥಾನ, ಎಲ್ಲವೂ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಕಛ್‌ನ ಭಾಟಿಯಾ ವ್ಯಾಪಾರಿಗಳು ತಲೆಮಾರುಗಳಿಂದ ಈ ಬಂದರಿನಲ್ಲಿ ಇದ್ದಾರೆ. ಆದ್ದರಿಂದ ಸೂಕ್‌ನಲ್ಲಿ ಹಿಂದಿ ಮಾತಾಡಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಆದರೂ ಮತ್ರಾದಲ್ಲಿ ನೋಡಿಕೊಳ್ಳಬೇಕಾದ್ದು ಇದೆ. ಹಳೆಯ ಕಟ್ಟಡಗಳಲ್ಲಿ ರೂಮುಗಳು ಚಿಕ್ಕವು. ಲಿಫ್ಟ್ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ. ಕಡಲು ಕಾಣುವ ರೂಮು ಅಂದರೆ ರಸ್ತೆಯ ಸದ್ದೂ ಜೊತೆಗೆ ಬರುತ್ತದೆ. ಸೂಕ್ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ಶುಕ್ರವಾರ ಬೆಳಗ್ಗೆ ಬಾಗಿಲು ಹಾಕಿರುತ್ತದೆ. ಇನ್ನೊಂದು ಮಾತು, ಸೂಕ್ ಇರುವುದೇ ಬೆಟ್ಟದ ನೀರು ಹರಿದು ಬರುವ ಹಾದಿಯಲ್ಲಿ. ಇಂಥ ಒಣ ಹಳ್ಳಕ್ಕೆ ಅಲ್ಲಿ ವಾದಿ ಅನ್ನುತ್ತಾರೆ. ಮಳೆ ಅಪರೂಪ, ಆದರೆ ಬಂದರೆ ಬೆಟ್ಟದ ನೀರೆಲ್ಲ ಒಟ್ಟಿಗೆ ಇಳಿಯುತ್ತದೆ. ಮಳೆ ಮುನ್ಸೂಚನೆ ಇದ್ದ ದಿನ ಬಾಡಿಗೆ ಕಾರನ್ನು ಇಂಥ ತಗ್ಗಿನಲ್ಲಿ ನಿಲ್ಲಿಸಬೇಡಿ.

ಖರ್ಚು ಕಡಿಮೆ ಇರಬೇಕು, ಊಟ ನಮ್ಮದೇ ಬೇಕು ಅನ್ನುವವರಿಗೆ ನಾನು ಯೋಚನೆಯೇ ಮಾಡದೆ ಹೇಳುವುದು ರುವಿ. ರುವಿ ಹೈ ಸ್ಟ್ರೀಟ್, ಹೋಂಡಾ ರೋಡ್ ಕಡೆ ಸಂಜೆ ಹೋದರೆ ಮಲಯಾಳಂ, ಹಿಂದಿ, ತಮಿಳು, ಬಂಗಾಳಿ ಎಲ್ಲ ಕೇಳುತ್ತದೆ. ಮಂಗಳೂರು, ಉಡುಪಿ ಕಡೆಯವರೂ ಸಿಗುತ್ತಾರೆ. ಇಡ್ಲಿ, ದೋಸೆ, ಗುಜರಾತಿ ಥಾಲಿ, ಕೇರಳದ ಊಟ, ಯಾವುದಕ್ಕೂ ಅಲೆಯಬೇಕಾಗಿಲ್ಲ. ಅಪ್ಪನಿಗೆ ಬೆಳಗ್ಗೆ ಆರೂವರೆಗೆ ಕಾಫಿ ಬೇಕು. ಹೋಟೆಲ್ ಬಫೆ ಶುರುವಾಗುವ ತನಕ ಅವರು ಕಾಯುವುದಿಲ್ಲ. ಇಂಥವರಿಗೆ ರುವಿ ಒಂದು ವರ. ಕೃಷ್ಣ ದೇವಸ್ಥಾನ ಪಕ್ಕದ ದಾರ್‌ಸೈತ್‌ನಲ್ಲಿದೆ. ಮುಖ್ಯ ಬಸ್ ನಿಲ್ದಾಣವೂ ರುವಿಯಲ್ಲೇ. ಮ್ವಾಸಲಾತ್ ಕಂಪನಿಯ ಕೆಂಪು ಬಸ್ಸುಗಳು ಇಲ್ಲಿಂದ ಮತ್ರಾಕ್ಕೂ ಹೋಗುತ್ತವೆ, ಏರ್‌ಪೋರ್ಟ್ ಕಡೆಗೂ ಹೋಗುತ್ತವೆ. ಟಿಕೆಟ್ ಬೈಸಾಗಳ ಲೆಕ್ಕದಲ್ಲಿ. ಒಂದು ರಿಯಾಲ್‌ಗೆ 1000 ಬೈಸಾ.

ರುವಿಯ ಕಷ್ಟ ಎರಡು. ಸುತ್ತ ಕಲ್ಲುಬೆಟ್ಟ ಇರುವುದರಿಂದ ಬೇಸಿಗೆಯಲ್ಲಿ ರಾತ್ರಿಯೂ ಕಾವು ಇಳಿಯುವುದಿಲ್ಲ. ಇನ್ನೊಂದು, ಕಡಿಮೆ ದರದ ಕೆಲವು ಹೋಟೆಲ್‌ಗಳಲ್ಲಿ ಬಾರ್ ಇದ್ದು, ಹಾಡು, ಬ್ಯಾಂಡ್ ತಡರಾತ್ರಿಯವರೆಗೆ ನಡೆಯುತ್ತದೆ. ಕುಟುಂಬದ ಜೊತೆ ಹೋಗುವವರು ಇದನ್ನು ಗಮನಿಸಲೇಬೇಕು. ನಾನು ಮಾಡುವುದು ಇಷ್ಟು: ರಿವ್ಯೂಗಳಲ್ಲಿ ಕಡಿಮೆ ಅಂಕ ಕೊಟ್ಟವರದ್ದನ್ನು ಮಾತ್ರ ಓದುತ್ತೇನೆ, ಅದರಲ್ಲೂ ಇತ್ತೀಚಿನ ತಿಂಗಳುಗಳದ್ದು. ಸದ್ದು, ಸಿಗರೇಟ್ ವಾಸನೆ, ಎಸಿ, ಈ ಮೂರರಲ್ಲಿ ಯಾವುದಾದರೂ ಒಂದರ ಬಗ್ಗೆ ಮತ್ತೆ ಮತ್ತೆ ದೂರು ಇದ್ದರೆ ಆ ಹೋಟೆಲ್ ಬಿಟ್ಟುಬಿಡುತ್ತೇನೆ. ಆಮೇಲೆ ಸೀದಾ ಹೋಟೆಲ್‌ಗೆ ಫೋನ್ ಮಾಡಿ ಬಾರ್ ಯಾವ ಮಹಡಿಯಲ್ಲಿದೆ, ನಮ್ಮ ರೂಮು ಯಾವ ಮಹಡಿಯಲ್ಲಿ ಕೊಡುತ್ತೀರಿ ಅಂತ ಕೇಳುತ್ತೇನೆ. ರಿಸೆಪ್ಶನ್‌ನಲ್ಲಿ ಹೆಚ್ಚಾಗಿ ನಮ್ಮ ದೇಶದವರೇ ಇರುತ್ತಾರೆ, ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಇನ್ನು ಮ್ಯಾಪ್ ವಿಷಯ. ಊರಿನ ಉದ್ದಕ್ಕೂ ಸುಲ್ತಾನ್ ಖಾಬೂಸ್ ಸ್ಟ್ರೀಟ್ ಹಾದುಹೋಗುತ್ತದೆ. ಹೆಸರಿಗೆ ಸ್ಟ್ರೀಟ್, ನೋಡಿದರೆ ಹಲವು ಲೇನ್‌ಗಳ ಹೈವೇ. ಮ್ಯಾಪ್‌ನಲ್ಲಿ 'ಎದುರಿಗೇ ಇದೆ' ಅನ್ನಿಸಿದ ಜಾಗ ಈ ರಸ್ತೆಯ ಆಚೆ ಇದ್ದರೆ, ಕಾಲ್ಸೇತುವೆ ಹುಡುಕಬೇಕು, ಇಲ್ಲವೇ ಕಾರಿನಲ್ಲಿ ಮುಂದೆ ಹೋಗಿ ತಿರುಗಿ ಬರಬೇಕು. ಅದಕ್ಕೆ ನಾನು ಕಿ.ಮೀ. ನೋಡದೆ, ನಡೆದು ಹೋಗುವ ದಾರಿ ಹಾಕಿ ನೋಡುತ್ತೇನೆ. ಹೋಟೆಲ್ ಬಾಗಿಲಿನಿಂದ ಅಂಗಡಿಗೆ, ಊಟದ ಜಾಗಕ್ಕೆ, ಬಸ್ ಸ್ಟಾಪಿಗೆ. ದಾರಿ ಸುತ್ತಿ ಬಳಸಿ ಹೋದರೆ ನಡುವೆ ಹೈವೇ ಇದೆ ಅಂತ ಅರ್ಥ.

ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ ನೋಡುವುದಿದ್ದರೆ ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಇಡಿ. ಮುಸ್ಲಿಮರಲ್ಲದವರಿಗೆ ಶನಿವಾರದಿಂದ ಗುರುವಾರದವರೆಗೆ ಬೆಳಗ್ಗೆ 8ರಿಂದ 11ರ ತನಕ ಮಾತ್ರ ಪ್ರವೇಶ. ಮತ್ರಾದಲ್ಲಿದ್ದರೆ ಏಳು ಗಂಟೆಗೇ ಹೊರಡುವುದು ಒಳ್ಳೆಯದು, ಆಫೀಸ್ ಟ್ರಾಫಿಕ್ ಸಿಗುತ್ತದೆ. ಹೆಂಗಸರಿಗೆ ತಲೆಗೆ ಬಟ್ಟೆ, ಕೈಕಾಲು ಮುಚ್ಚುವ ಉಡುಪು ಬೇಕು.

ಖುವೈರ್, ಘುಬ್ರಾ, ಅಜೈಬಾ ಕಾರು ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಸರಿ. ಪಾರ್ಕಿಂಗ್ ಸುಲಭ, ಹೋಟೆಲ್ ಅಪಾರ್ಟ್‌ಮೆಂಟ್‌ಗಳು ಸಿಗುತ್ತವೆ. ಚಿಕ್ಕ ಮಕ್ಕಳಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ದೊಡ್ಡ ಅನುಕೂಲ. ಅನ್ನ ಸಾರು ಮಾಡಿಕೊಳ್ಳಬಹುದು, ಬಟ್ಟೆ ಒಗೆಯಬಹುದು. ಶಾತಿ ಅಲ್ ಕುರುಮ್ ಚೆಂದ. ಬೀಚ್, ಕೆಫೆಗಳು, 2011ರಲ್ಲಿ ಶುರುವಾದ ರಾಯಲ್ ಒಪೇರಾ ಹೌಸ್ ಎಲ್ಲ ಅಲ್ಲಿವೆ. ದರವೂ ಅದಕ್ಕೆ ತಕ್ಕಂತೆ.

ದರದ ಬಗ್ಗೆ ಒಂದು ಎಚ್ಚರಿಕೆ. '20 ರಿಯಾಲ್' ಅಂತ ನೋಡಿದರೆ ಚಿಕ್ಕದಾಗಿ ಕಾಣುತ್ತದೆ. ಒಂದು ರಿಯಾಲ್‌ಗೆ 200 ರೂಪಾಯಿಗೂ ಜಾಸ್ತಿ. ಅದರ ಮೇಲೆ ಮುನಿಸಿಪಾಲಿಟಿ ತೆರಿಗೆ, ಪ್ರವಾಸೋದ್ಯಮ ತೆರಿಗೆ, ಸರ್ವಿಸ್ ಚಾರ್ಜ್ ಸೇರಬಹುದು. 2021ರ ಏಪ್ರಿಲ್‌ನಿಂದ 5% ವ್ಯಾಟ್ ಕೂಡ ಇದೆ. ಎಲ್ಲ ಸೇರಿಸಿ ಎಷ್ಟು ಅಂತ ಕೊನೆಯ ಮೊತ್ತ ಬರೆಸಿಕೊಂಡ ಮೇಲೇ ನಾನು ಎರಡು ಹೋಟೆಲ್‌ಗಳನ್ನು ಹೋಲಿಸುವುದು. ನವೆಂಬರ್‌ನಿಂದ ಮಾರ್ಚ್ ತನಕ ಹವೆ ಹಿತವಾಗಿರುತ್ತದೆ, ಬೆಲೆಯೂ ಏರಿರುತ್ತದೆ. ಜೂನ್‌ನಲ್ಲಿ ಅಗ್ಗ ಅಂತ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. 40 ಡಿಗ್ರಿ ದಾಟಿದ ಬಿಸಿಲಿನ ಜೊತೆ ಕಡಲ ತೇವವೂ ಸೇರಿದರೆ ಉಸಿರಾಡುವುದೇ ಕಷ್ಟ.

ನಾವು ಕೊನೆಗೆ ಮಾಡಿದ್ದು ಊರಿನ ಎರಡು ತುದಿಗಳಲ್ಲಿ ಉಳಿಯುವುದು. ಮೊದಲ ದಿನಗಳು ಮತ್ರಾದಲ್ಲಿ. ಬುಧವಾರ ಸಾಮಾನು ಕಟ್ಟಿಕೊಂಡು ಅಜೈಬಾಕ್ಕೆ ಬಂದೆವು. ಅಲ್ಲಿಂದ ಗುರುವಾರ ಕಾರಿನಲ್ಲಿ ಒಳನಾಡಿನ ಹಳೇ ಊರು ನಿಜ್ವಾಗೆ. ಅಲ್ಲಿ ಶುಕ್ರವಾರ ಬೆಳಗ್ಗೆ ಆಡು, ದನದ ಸಂತೆ ಬಲು ಜೋರು. ಬೇಗ ಶುರುವಾಗಿ ಬಿಸಿಲು ಏರುವಷ್ಟರಲ್ಲಿ ಮುಗಿಯುತ್ತದೆ. ಮಸ್ಕತ್‌ನಿಂದ ನಿಜ್ವಾ 150 ಕಿ.ಮೀ. ಮೇಲೆ ಇರುವುದರಿಂದ ಹಿಂದಿನ ರಾತ್ರಿ ಅಲ್ಲೇ ಉಳಿದೆವು. ವಾಪಸ್ ಬಂದಾಗ ಅಜೈಬಾದಿಂದ ಏರ್‌ಪೋರ್ಟ್ ಪಕ್ಕದಲ್ಲೇ ಇತ್ತು. ನಮ್ಮ ಕಡೆಯ ವಿಮಾನಗಳು ಎಷ್ಟೋ ಸಲ ನಡುರಾತ್ರಿಯಲ್ಲೇ ಹೊರಡುತ್ತವೆ, ಇಳಿಯುತ್ತವೆ. ನಿಮ್ಮ ವಿಮಾನ ಬೆಳಗಿನ ಜಾವ ಇಳಿಯುವುದಿದ್ದರೆ ಹಿಂದಿನ ರಾತ್ರಿಯಿಂದಲೇ ರೂಮು ಬುಕ್ ಮಾಡಿ. ರೂಮು ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೆ ಅಪ್ಪ, ಅಮ್ಮನನ್ನು ಲಾಬಿಯ ಸೋಫಾದಲ್ಲಿ ಕೂರಿಸುವುದಕ್ಕಿಂತ ಒಂದು ರಾತ್ರಿಯ ಬಾಡಿಗೆ ಜಾಸ್ತಿ ಕೊಡುವುದೇ ಮೇಲು.